ಖಾಲಿ ಜಾಗದ ಹಕ್ಕಿಗಳು

ಒಂದೂ ಮರವಿಲ್ಲದ ಜಾಗದಲ್ಲಿ ಹಕ್ಕಿ ಕಾಯುವ ಕೆಲಸ ಹಿಡಿದವಳು ನಗೋದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ತಿಂಗಳಿಗೊಂದು ಪ್ರಸಂಗ ಜೀಪು ಹತ್ತಿಕೊಂಡು ತಾನಾಗಿಯೇ ಬರುತ್ತದೆ.

ನಾನು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗಿರುವ ಹಟ್ಟಿಯವಳು. ಹಟ್ಟಿಗೆ ತಗಲಿಕೊಂಡೇ ದೊಡ್ಡ ಹುಲ್ಲುಗಾವಲಿದೆ, ಅದನ್ನು ನಾವು ಕಾವಲು ಅನ್ನುತ್ತೇವೆ. ಮಳೆ ಬಿದ್ದರೆ ಎರಡು ತಿಂಗಳು ಹಸಿರು, ಆಮೇಲೆ ವರ್ಷಪೂರ್ತಿ ಹಳದಿ. ದೀಪಾವಳಿ ಮುಗಿಯುತ್ತಿದ್ದಂತೆ ಹಿಮಾಲಯದ ಆಚೆಯಿಂದ ಗಿಡುಗನ ಜಾತಿಯ ಹಕ್ಕಿಗಳು ಇಲ್ಲಿಗೆ ಬರುತ್ತವೆ. ಪುಸ್ತಕ ಓದಿದವರು ಅವಕ್ಕೆ ಸೆಳೆವ ಅನ್ನುತ್ತಾರೆ. ಹಗಲೆಲ್ಲ ಶೇಂಗಾ ಹೊಲದ ಮೇಲೆ ತೇಲಾಡಿ ಮಿಡತೆ ಹಿಡಿದು ತಿನ್ನುತ್ತವೆ. ಹೊತ್ತು ಮುಳುಗುವಾಗ ನೂರಾರು ಒಟ್ಟಿಗೆ ಬಂದು ಹುಲ್ಲಿನೊಳಗೆ, ನೆಲದ ಮೇಲೆ ಮಲಗುತ್ತವೆ. ಮರದ ಹಂಗು ಅವಕ್ಕಿಲ್ಲ. ಯುಗಾದಿ ಹೊತ್ತಿಗೆ ವಾಪಸ್ಸು ಹೊರಡುತ್ತವೆ.

ಅದೇ ಹುಲ್ಲಿನಲ್ಲಿ ನಮ್ಮ ದೇವರ ಎತ್ತುಗಳು ಮೇಯುತ್ತವೆ. ದೇವರಿಗೆ ಬಿಟ್ಟ ಎತ್ತುಗಳು ಅವು. ನೊಗ ಹೂಡುವಂತಿಲ್ಲ, ಮಾರುವಂತಿಲ್ಲ. ಅವು ತಂಗುವ ರೊಪ್ಪದೊಳಗೆ ಯಾರೂ ಎಕ್ಕಡ ಮೆಟ್ಟಿ ಕಾಲಿಡುವಂತಿಲ್ಲ, ಮಂತ್ರಿ ಬಂದರೂ ಅಷ್ಟೆ. ಈ ಎತ್ತು ಕಾಯುವವನಿಗೆ ಕಿಲಾರಿ ಅಂತ ಹೆಸರು. ಈಗಿನ ಕಿಲಾರಿ ನಮ್ಮ ದೊಡ್ಡಪ್ಪ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮಾತಿನಲ್ಲಿ ಮುಳ್ಳು.

ಇಷ್ಟೆಲ್ಲ ತುಂಬಿಕೊಂಡಿರುವ ಕಾವಲಿಗೆ ಸರ್ಕಾರಿ ಕಾಗದದಲ್ಲಿರುವ ಹೆಸರು ‘ಖಾಲಿ ಜಾಗ’. ಖಾಲಿ ಅಂದ ಮೇಲೆ ತುಂಬಿಸುವವರು ಬಂದೇ ಬರುತ್ತಾರಲ್ಲ. ಒಬ್ಬರು ಬಂದು ಕಾರ್ಖಾನೆ ಅಂದರು. ಇನ್ನೊಬ್ಬರು ಬಿಸಿಲಿನಿಂದ ಕರೆಂಟು ಮಾಡುವ ಫಲಕ ಹಾಸುತ್ತೇವೆ ಅಂದರು. ನಮಗೆ ರೇಗಿಹೋಯಿತು. ಈ ಜಾಗವನ್ನು ವಲಸೆ ಹಕ್ಕಿಗಳಿಗೆ ಮೀಸಲಿಡಿ ಅಂತ ಇಡೀ ಹಟ್ಟಿ ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟಿತು. ತೀರ್ಮಾನ ಆಗುವ ತನಕ ಹಕ್ಕಿ ನೋಡಿಕೊಳ್ಳಲು ಒಬ್ಬರು ವಾಚರ್ ಬೇಕು ಅಂತ ಅರಣ್ಯ ಇಲಾಖೆ ಕೇಳಿತು. ಪಿಯುಸಿ ಓದಿ, ಮದುವೆಯಾಗಿ, ಮಕ್ಕಳನ್ನು ದಡ ಸೇರಿಸಿ, ಬಾಯಿಜೋರು ಮಾತ್ರ ಇನ್ನೂ ಬಿಟ್ಟುಕೊಡದೆ ಇದ್ದವಳು ಹಟ್ಟಿಯಲ್ಲಿ ನಾನೊಬ್ಬಳೇ. ಹಾಗೆ ನಾನು ವಾಚರಮ್ಮ ಆದೆ.

ಅರ್ಜಿ ಬಿದ್ದುಹೋದರೆ ಹಕ್ಕಿಗೂ ಜಾಗವಿಲ್ಲ, ಎತ್ತಿಗೂ ಇಲ್ಲ. ಹಾಗಾಗಿ ಮುಂದೆ ಬರುವ ಯಾವ ಪ್ರಸಂಗದಲ್ಲೂ ನಾನು ಎರಡೂ ಕಡೆಯ ಮಾತು ಹೇಳುವವಳಲ್ಲ. ನಾನು ಹುಲ್ಲಿನ ಕಡೆ.

ಜಾಗೃತಿಯ ಊಟ

ಕೆಲಸಕ್ಕೆ ಸೇರಿದ ಹೊಸತು. ನಮ್ಮ ಇಲಾಖೆಯ ಸಾಹೇಬರು ಒಂದು ಬೆಳಗ್ಗೆ ಫೋನು ಮಾಡಿ, ‘ನಿಮ್ಮ ಹಟ್ಟೀಲಿ ಜಾಗೃತಿ ಕಾರ್ಯಕ್ರಮ ಇಟ್ಟಿದೀವಿ, ಜನ ಸೇರಿಸಮ್ಮ’ ಅಂದರು. ಯಾವುದರ ಜಾಗೃತಿ ಸಾರ್ ಅಂದೆ. ‘ಹಕ್ಕಿ ಹೊಡೆಯಬಾರದು, ಹಕ್ಕಿ ತಿನ್ನಬಾರದು ಅಂತ. ನಿಮ್ಮ ಕಡೆ ಬೇಟೆ ಜಾಸ್ತಿ ಅಂತ ಮೇಲಿನವರು ಹೇಳ್ತಾರೆ.’

ನಮ್ಮ ಹಟ್ಟಿಯವರು ಕೋಳಿಯನ್ನೇ ತಿನ್ನುವುದಿಲ್ಲ. ಇವತ್ತು ನಿನ್ನೆಯದಲ್ಲ, ತಲೆತಲಾಂತರದ ಕಟ್ಟು. ಕುರಿ ತಿನ್ನುತ್ತೇವೆ, ಕೋಳಿ ಒಲೆಯ ಮೇಲೆ ಏರುವುದಿಲ್ಲ. ಬೇರೆ ಊರಿನ ನೆಂಟರು ಕೋಳಿ ಸಾರು ತಂದರೆ ಪಾತ್ರೆ ಹೊಸಿಲು ದಾಟುವುದಿಲ್ಲ. ಇದನ್ನು ಹೇಳೋಣ ಅಂತ ‘ಸಾರ್, ನಮ್ಮವರು’ ಅನ್ನುವಷ್ಟರಲ್ಲಿ ‘ಊಟದ ವ್ಯವಸ್ಥೆ ನಮ್ಮದೇ’ ಅಂತ ಫೋನು ಇಟ್ಟುಬಿಟ್ಟರು.

ಜನ ಸೇರಿದರು. ಊಟ ಅಂದರೆ ಯಾರು ಬರುವುದಿಲ್ಲ? ಸಾಹೇಬರು ಒಂದು ಗಂಟೆ ಭಾಷಣ ಮಾಡಿದರು. ಹಕ್ಕಿಗೂ ನಮ್ಮ ಹಾಗೆ ಜೀವವಿದೆ, ಸಂಸಾರವಿದೆ ಅಂದರು. ನಮ್ಮ ಮುದುಕಿಯರು ಹೌದೌದು ಅಂತ ತಲೆ ಆಡಿಸಿದರು. ಎಲ್ಲರನ್ನೂ ಎಬ್ಬಿಸಿ, ಬಲಗೈ ಚಾಚಿಸಿ, ‘ಹಕ್ಕಿಯ ಮಾಂಸ ಮುಟ್ಟುವುದಿಲ್ಲ’ ಅಂತ ಪ್ರಮಾಣ ಮಾಡಿಸಿದರು. ಮುಟ್ಟದವರಿಗೆ ಪ್ರಮಾಣ ಮಾಡುವುದು ಏನು ಕಷ್ಟ? ಎಲ್ಲರೂ ಜೋರಾಗಿ ಮಾಡಿದರು.

ಆಮೇಲೆ ಜೀಪಿನ ಹಿಂದಿನ ಬಾಗಿಲು ತೆಗೆದರು. ಚಳ್ಳಕೆರೆಯಿಂದ ತಂದ ಬಿಸಿಬಿಸಿ ಪೊಟ್ಟಣಗಳು. ಒಂದನ್ನು ಬಿಚ್ಚಿದ ದೊಡ್ಡಪ್ಪ ಮೂಗಿಗೆ ಕಂಬಳಿ ಅಡ್ಡ ಹಿಡಿದುಕೊಂಡ. ಕೋಳಿ ಬಿರಿಯಾನಿ.

ಜನ ಒಂದು ಹೆಜ್ಜೆ, ಎರಡು ಹೆಜ್ಜೆ ಹಿಂದೆ ಸರಿದರು. ಸಾಹೇಬರಿಗೆ ಅರ್ಥವಾಗದೆ, ‘ತಗೊಳ್ರಿ, ಸಂಕೋಚ ಬೇಡ’ ಅನ್ನುತ್ತಲೇ ಇದ್ದರು. ಕೊನೆಗೆ ದೊಡ್ಡಪ್ಪ ಪೊಟ್ಟಣವನ್ನು ಮೆಲ್ಲಗೆ ಜೀಪಿನೊಳಗೆ ವಾಪಸ್ಸಿಟ್ಟು ಕೇಳಿದ.

‘ಸಾಮಿ, ಈಗ ನಾವು ಮಾಡಿದ ಪ್ರಮಾಣ ಐತಲ್ಲ, ಅದನ್ನ ನಾವು ಹೇಳಿಕೊಡ್ತೀವಿ, ನೀವೊಂದ್ಸಾರಿ ಮಾಡಿಬಿಡ್ರಿ.’

ದೇವರಿಗೆ ನೋಟಿಸ್

ಕಾವಲಿನ ಬಾಯಲ್ಲಿ ಇಲಾಖೆ ಒಂದು ಬೋರ್ಡು ನೆಟ್ಟಿತು. ‘ವಲಸೆ ಹಕ್ಕಿಗಳ ತಾಣ, ಸದ್ದು ಮಾಡಬೇಡಿ’ ಅಂತ ಬರಹ, ಪಕ್ಕದಲ್ಲಿ ಮಾವಿನ ಮರದ ಮೇಲೆ ಕೂತ ಗಿಳಿಯ ಚಿತ್ರ. ನಮ್ಮ ಕಾವಲಿನಲ್ಲಿ ಮಾವೂ ಇಲ್ಲ, ಗಿಳಿಯೂ ಇಲ್ಲ. ಚಿತ್ರ ಬರೆದವನಿಗೆ ಹಕ್ಕಿ ಅಂದರೆ ಗಿಳಿ ಅಂತ ಯಾರೋ ಹೇಳಿಕೊಟ್ಟಿದ್ದರು. ಆ ವಾರವೆಲ್ಲ ದಾರಿಹೋಕರು ಬೈಕು ನಿಲ್ಲಿಸಿ, ‘ಆ ಮರ ಎಲ್ಲೈತಮ್ಮ?’ ಅಂತ ನನ್ನನ್ನು ಕೇಳಿದರು. ಕಡಿದುಕೊಂಡು ಹೋದ ತಪ್ಪು ನನ್ನದೇನೋ ಅನ್ನುವ ಹಾಗಿತ್ತು ಅವರ ಮುಖ.

ಆದರೆ ಬೋರ್ಡಿನ ಕಂಬ ಕಬ್ಬಿಣದ್ದು, ಗಟ್ಟಿಯಾದದ್ದು. ಕಣ್ಣಿಗೆ ಕಾಣುವಷ್ಟು ದೂರ ಮೈ ತುರಿಸಿಕೊಳ್ಳಲು ಒಂದು ಕಡ್ಡಿಯೂ ಇಲ್ಲದ ಜಾಗದಲ್ಲಿ ಹುಟ್ಟಿ ಬೆಳೆದ ಎತ್ತುಗಳು ನಮ್ಮವು. ಮೊದಲ ದಿನ ಒಂದು ಎತ್ತು ಬಂದು ಕಂಬಕ್ಕೆ ಬೆನ್ನು ಉಜ್ಜಿತು. ಅದು ಉಳಿದವಕ್ಕೆ ಏನು ಹೇಳಿತೋ, ಮರುದಿನದಿಂದ ಸಾಲು ಹಿಡಿದು ನಿಂತವು. ನಮ್ಮ ಜನ ಬಸ್ಸಿಗೂ ಅಷ್ಟು ಶಿಸ್ತಾಗಿ ನಿಂತವರಲ್ಲ. ಎಂಟನೆಯ ದಿನ ಬೋರ್ಡು ಗಿಳಿಯ ಸಮೇತ ನೆಲ ಕಚ್ಚಿತು.

ಬೋರ್ಡು ಬಿದ್ದಿದೆ ಅಂತ ಬರೆದು ಕಳಿಸಿದೆ. ಕಚೇರಿಯಿಂದ ಕಾಗದ ಬಂತು. ಸರ್ಕಾರಿ ಸ್ವತ್ತಿಗೆ ಹಾನಿ ಮಾಡಿದವರು ಯಾರು? ನಾನು ‘ಎತ್ತು’ ಅಂತ ಬರೆದೆ. ಮತ್ತೆ ಕಾಗದ ಬಂತು. ಎತ್ತಿನ ಮಾಲೀಕರು ಯಾರು? ನಾನು ಸುಳ್ಳು ಹೇಳುವವಳಲ್ಲ. ‘ನಮ್ಮ ದೇವರು’ ಅಂತ ಬರೆದೆ. ಮೂರನೆಯ ಕಾಗದದಲ್ಲಿ ಮಾಲೀಕರ ವಿಳಾಸ ಕೇಳಿದ್ದರು. ಗುಡಿಯ ವಿಳಾಸ ಕೊಟ್ಟೆ.

ಕೊಡಬಾರದಿತ್ತೇನೋ. ಹದಿನೈದು ದಿನಕ್ಕೆ ಅಂಚೆಯವನು ಸೈಕಲ್ಲು ತುಳಿದುಕೊಂಡು ಗುಡಿ ಹತ್ತಿರ ಬಂದು ನಿಂತ. ಕೈಯಲ್ಲಿ ರಿಜಿಸ್ಟರ್ ಪತ್ರ. ಮೇಲೆ ದೇವರ ಹೆಸರು, ಹೆಸರಿನ ಮುಂದೆ ‘ಶ್ರೀ’. ಸಾಮಾನ್ಯರಿಗೆ ಹಾಕುವ ಅದೇ ಶ್ರೀ. ಏಳು ದಿನದೊಳಗೆ ಖುದ್ದಾಗಿ ಹಾಜರಾಗಿ ವಿವರಣೆ ನೀಡಬೇಕು, ತಪ್ಪಿದಲ್ಲಿ ನಿಮ್ಮ ಕಡೆಯಿಂದ ಹೇಳುವುದೇನೂ ಇಲ್ಲವೆಂದು ಭಾವಿಸಲಾಗುವುದು ಅಂತ ಒಳಗಡೆ ಬರಹ.

ಅಂಚೆಯವನಿಗೆ ಸಂಕಟ. ‘ಪೂಜಾರಪ್ಪ, ಇದಕ್ಕೆ ಸಹಿ ಬೇಕು. ಹೆಸರಿದ್ದೋರ ಕೈಗೇ ಕೊಡಬೇಕು ಅಂತ ಐತೆ.’

ಪೂಜಾರಿ ಪತ್ರವನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋದ. ದೇವರ ಮುಂದೆ ಗಟ್ಟಿಯಾಗಿ, ಒಂದಕ್ಷರ ಬಿಡದೆ ಓದಿದ. ಲೋಬಾನದ ಹೊಗೆ ಹಾಕಿದ. ಬಲಕ್ಕೆ ಹೂ ಬೀಳುತ್ತದೋ ಎಡಕ್ಕೋ ಅಂತ ನಾವೆಲ್ಲ ಕಾದು ನಿಂತೆವು. ಯಾವ ಕಡೆಯೂ ಬೀಳಲಿಲ್ಲ. ಪೂಜಾರಿ ಪತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಹೊರಗೆ ತಂದು ಅಂಚೆಯವನ ಕೈಗಿಟ್ಟ.

‘ಹೋಗಿ ಹೇಳಪ್ಪ, ಹೇಳೋದೇನೂ ಇಲ್ಲ ಅಂತೆ. ಭಾವಿಸ್ಕಳ್ಳಾಕೆ ಹೇಳು.’

ಗುಂಡಿಯಲ್ಲಿ ಕುಂತವರು

ಇದು ನಗುವ ವಿಷಯವಾಗಿದ್ದು ಆಮೇಲೆ. ಆ ದಿನ ನನಗೆ ಹೊಟ್ಟೆ ಉರಿದಿತ್ತು.

ಮಳೆ ಶುರುವಾಗುವ ಮುಂಚೆ ಕಾವಲಿಗೆ ಜೆಸಿಬಿ ಬಂತು, ಅದರ ಹಿಂದೆ ಲಾರಿ ತುಂಬ ಹೊಂಗೆ ಸಸಿ. ಸಾಹೇಬರು ಖುಷಿಯಲ್ಲಿದ್ದರು. ‘ನೋಡಮ್ಮ, ನಿನ್ನ ಹಕ್ಕಿಗಳಿಗೆ ಮರ ಕೊಡ್ತಾ ಇದೀವಿ. ಅಷ್ಟು ದೂರದಿಂದ ಬರ್ತವೆ, ಪಾಪ, ಕೂರೋಕೆ ಒಂದು ಕೊಂಬೆ ಇಲ್ಲ.’

‘ಸಾರ್, ಅವು ಕೊಂಬೆ ಮೇಲೆ ಮಲಗೋ ಹಕ್ಕಿ ಅಲ್ಲ. ಹುಲ್ಲಿನಾಗೆ ಮಲಗ್ತಾವೆ. ಇಲ್ಲಿ ಗಿಡ ಬೆಳೆದ್ರೆ ಹುಲ್ಲು ಹೋತು, ಹುಲ್ಲು ಹೋದ್ರೆ ಅವು ಬರಾದೇ ಇಲ್ಲ.’

‘ಮರ ಇಲ್ಲದೆ ಹಕ್ಕಿ ಹೇಗಮ್ಮ ಮಲಗುತ್ತೆ?’

‘ನಮ್ಮ ದೊಡ್ಡಪ್ಪ ಹುಟ್ಟಿದಾಗಿಂದ ಮಂಚ ಕಂಡಿಲ್ಲ ಸಾರ್. ಅವನು ಮಲಗಿಲ್ವಾ?’

ಸಾಹೇಬರು ಕೆಟ್ಟವರಲ್ಲ. ಮೇಲಿನಿಂದ ಬಂದ ಸಸಿ ನೆಡದೆ ಹೋದರೆ ಅವರ ಕುತ್ತಿಗೆಗೆ ಬರುತ್ತದೆ. ‘ಆದೇಶ ಆಗಿದೆ, ನನ್ನ ಕೈಯಲ್ಲಿಲ್ಲ’ ಅಂದರು. ಬೆಳಗಿನ ಹತ್ತರೊಳಗೆ ಐದಾರು ಸಾಲು ಗುಂಡಿ ಬಿದ್ದವು. ಗುಂಡಿಯ ಪಕ್ಕ ಬೇರು ಮೇಲಾದ ಹುಲ್ಲಿನ ಹೆಂಟೆಗಳನ್ನು ನೋಡಿ ನನಗೆ ಅಳು ಬಂತು. ಅದು ನೆಲ ಹಿಡಿಯಲು ಎಷ್ಟು ವರ್ಷ ಬೇಕಾಗಿತ್ತೋ.

ನಾನು ಇಲಾಖೆಯ ಕೆಲಸದವಳು. ಇಲಾಖೆಯ ಕೆಲಸಕ್ಕೆ ಅಡ್ಡ ಬರುವಂತಿಲ್ಲ. ಆದ್ದರಿಂದ ನಾನು ಗುಂಡಿಯಲ್ಲಿ ಕೂರಲಿಲ್ಲ. ಹಟ್ಟಿಗೆ ಹೋಗಿ, ಯಾರ್ಯಾರು ಯಾವ ಗುಂಡಿಯಲ್ಲಿ ಕೂರಬೇಕು ಅಂತ ಹೇಳಿ ಬಂದೆ, ಅಷ್ಟೆ.

ಹೆಂಗಸರು ಬಂದರು. ಒಬ್ಬೊಬ್ಬರು ಒಂದೊಂದು ಗುಂಡಿಗೆ ಇಳಿದು, ಸೆರಗು ಸರಿ ಮಾಡಿಕೊಂಡು, ಕಾಲು ನೀಡಿ ಕೂತರು. ಬರುವಾಗ ಬುತ್ತಿ ಕಟ್ಟಿಕೊಂಡೇ ಬಂದಿದ್ದರು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಈರುಳ್ಳಿ. ದೂರದಿಂದ ನೋಡಿದರೆ ಕಾವಲಿನ ತುಂಬ ಬರೀ ತಲೆಗಳು, ತಲೆಗಳು ಊಟ ಮಾಡುತ್ತಿದ್ದವು.

ಸಾಹೇಬರು ಜೆಸಿಬಿ ಓಡಿಸುವವನಿಗೆ, ‘ಅವರನ್ನ ಎಬ್ಬಿಸಯ್ಯ’ ಅಂದರು. ಅವನು ಆಂಧ್ರದ ಗಡಿಯ ಕಡೆಯವನು. ಕೆಳಗಿಳಿದು ಮೊದಲ ಗುಂಡಿಗೆ ಬಗ್ಗಿ ನೋಡಿದ. ಒಳಗೆ ಕೂತಿದ್ದವಳು ಅವನ ಸ್ವಂತ ಸೋದರತ್ತೆ. ‘ಅತ್ತಾ, ಲೆಯ್ಯಿ ಅತ್ತಾ’ ಅಂತ, ಎದ್ದೇಳತ್ತೆ ಅಂತ, ತೆಲುಗಿನಲ್ಲಿ ಗೋಗರೆದ.

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ ಕನ್ನಡದಲ್ಲೇ ಹೇಳಿದಳು. ‘ಮೂರು ವರ್ಷಾತು ನೀನು ನಮ್ಮನಿ ಕಡೆ ಬಂದು. ಈಗ ಬಂದೀಯ, ಅದೂ ಮಿಷನ್ ತಗಂಡು. ನಾಚಿಕೆ ಆಗಲ್ವೇನ್ಲೇ? ಇಳಿ ಒಳಕ್ಕೆ, ರೊಟ್ಟಿ ತಿನ್ನು.’

ಅವನು ಸಾಹೇಬರ ಮುಖ ನೋಡಿದ, ಅತ್ತೆಯ ಮುಖ ನೋಡಿದ. ಗುಂಡಿಗೆ ಇಳಿದು ಚಕ್ಕಳಬಕ್ಕಳ ಹಾಕಿ ಕೂತ.

ಸಂಜೆಗೆ ರಾಜಿ ಆಯಿತು. ಗುಂಡಿ ಮುಚ್ಚಬೇಕು, ಸಸಿಗಳನ್ನು ಹಟ್ಟಿಯವರು ತಮ್ಮ ಹಿತ್ತಲಲ್ಲಿ ನೆಟ್ಟು ಸಾಕಬೇಕು. ಸಾಕಿದರು ನೋಡಿ. ಪಾತ್ರೆ ತೊಳೆದ ನೀರು, ಮೈ ತೊಳೆದ ನೀರು ಕುಡಿದು ಒಂದೂ ಸಾಯಲಿಲ್ಲ. ಮುಂದಿನ ವರ್ಷ ಸಾಹೇಬರು ಫೋಟೋ ಹೊಡೆದು ಮೇಲಕ್ಕೆ ಕಳಿಸಿದರು. ಅವರಿಗೆ ಪ್ರಶಂಸಾ ಪತ್ರ ಬಂತು. ಜೊತೆಗೆ ಒಂದು ಪ್ರಶ್ನೆಯೂ ಬಂತಂತೆ. ಹುಲ್ಲುಗಾವಲಿನ ಎಲ್ಲ ಗಿಡಗಳ ಹಿಂದೆಯೂ ಸೀರೆ ಯಾಕೆ ಒಣಗುತ್ತಿದೆ?

ಹಸಿರು ಬಟ್ಟೆಯವರು

ಚಳಿಗಾಲದಲ್ಲಿ ದೂರದೂರಿನಿಂದ ಹಕ್ಕಿ ಫೋಟೋ ತೆಗೆಯುವವರು ಬರುತ್ತಾರೆ. ಹೆಚ್ಚಿನವರು ಒಳ್ಳೆಯವರು, ಹೇಳಿದ ಮಾತು ಕೇಳುತ್ತಾರೆ. ಒಬ್ಬರು ಮಾತ್ರ ನಾನು ಬಾಯಿ ತೆಗೆಯುವ ಮುಂಚೆಯೇ ಕೈ ಎತ್ತಿ, ‘ನನಗೆ ಕಾಡು ಗೊತ್ತಮ್ಮ, ಇಪ್ಪತ್ತು ವರ್ಷದ ಅನುಭವ’ ಅಂದರು. ತಲೆಯಿಂದ ಕಾಲಿನವರೆಗೆ ಎಲೆಯ ಚಿತ್ರದ ಹಸಿರು ಬಟ್ಟೆ. ಟೋಪಿಗೆ ನಿಜವಾದ ಬೇವಿನ ಸೊಪ್ಪು ಸಿಕ್ಕಿಸಿಕೊಂಡಿದ್ದರು. ‘ಹಕ್ಕಿ ಕಣ್ಣಿಗೆ ನಾನು ಕಾಣೋದೇ ಇಲ್ಲ’ ಅಂತ ಹೇಳಿ ಹುಲ್ಲಿನಲ್ಲಿ ಬೋರಲು ಮಲಗಿದರು.

ಅದು ಸಂಕ್ರಾಂತಿಯ ಹೊತ್ತು. ಕಾವಲು ಪೂರ್ತಿ ಹಳದಿ. ಆ ದಿಕ್ಕಿನಿಂದ ಈ ದಿಕ್ಕಿನವರೆಗೆ ಹಸಿರು ಅಂತ ಇದ್ದದ್ದು ಅವರೊಬ್ಬರೇ. ಹಕ್ಕಿಗೆ ಕಾಣಲಿಲ್ಲವೋ ಏನೋ, ಎತ್ತುಗಳಿಗೆ ಕಂಡರು. ಎರಡು ತಿಂಗಳಿಂದ ಒಣ ಹುಲ್ಲು ಅಗಿದು ಬೇಸತ್ತಿದ್ದವು ಅವು. ಮಂದೆ ತಲೆಯೆತ್ತಿ ನೋಡಿತು, ನಿಧಾನಕ್ಕೆ ಅತ್ತ ಹೊರಟಿತು.

‘ಸಾರ್, ಎದ್ದೇಳ್ರಿ’ ಅಂತ ಕೂಗಿದೆ. ಅವರು ಕೈಯಲ್ಲೇ ಸುಮ್ಮನಿರು ಅಂತ ಸನ್ನೆ ಮಾಡಿದರು, ಹಕ್ಕಿ ಹಾರೀತು ಅಂತ. ಎತ್ತು ಟೋಪಿ ಬಾಯಿಗೆ ಹಾಕಿಕೊಂಡಾಗಲೇ ಇಪ್ಪತ್ತು ವರ್ಷದ ಅನುಭವ ಎದ್ದು ಓಡಿದ್ದು.

ದೊಡ್ಡಪ್ಪ ಅವರನ್ನು ಕೂರಿಸಿ, ನೀರು ಕೊಟ್ಟು, ತನ್ನ ಕಂಬಳಿ ಹೊದಿಸಿದ. ಆ ಕಂಬಳಿಯೊಳಗೆ ಮಂದೆಯ ಪಕ್ಕ ಸುಮ್ಮನೆ ಕೂತವರಿಗೆ ಅವತ್ತು ಸಂಜೆ ಹತ್ತು ಮಾರು ದೂರದಲ್ಲಿ ಹಕ್ಕಿ ಇಳಿಯಿತು. ಒಳ್ಳೆಯ ಫೋಟೋ ಸಿಕ್ಕಿತು. ಹೋಗುವಾಗ ದೊಡ್ಡಪ್ಪನ ಕೈ ಹಿಡಿದು, ‘ಯಜಮಾನ್ರೇ, ಈ ಕಂಬಳಿ ಎಲ್ಲಿ ಸಿಗುತ್ತೆ?’ ಅಂದರು. ದೊಡ್ಡಪ್ಪ, ‘ಕಂಬಳಿ ಚಳ್ಳಕೆರೆ ಸಂತೇಲಿ ಸಿಗ್ತೈತೆ ಸಾಮಿ. ಸುಮ್ಮನೆ ಕುಂತ್ಕಳಾದು ಮಾತ್ರ ಇಲ್ಲೇ ಕಲೀಬೇಕು’ ಅಂದ.

ಎಕ್ಕಡ

ಕೊನೆಗೂ ನಮ್ಮ ಅರ್ಜಿಯ ತೀರ್ಮಾನದ ದಿನ ಬಂತು. ಜಿಲ್ಲೆಯಾಚೆಯಿಂದ ಒಬ್ಬರು ದೊಡ್ಡ ಸಾಹೇಬರು ಬಂದು ಜಾಗ ನೋಡಿ ವರದಿ ಬರೆಯುತ್ತಾರೆ. ಹಕ್ಕಿಗೆ ಮೀಸಲು ಅಂತ ಬರೆದರೆ ಕಾವಲು ಉಳಿಯಿತು. ಖಾಲಿ ಅಂತ ಬರೆದರೆ ಕಾರ್ಖಾನೆ, ಫಲಕ ಅಂತ ಕಾಯುತ್ತ ನಿಂತವರು ಬೇಲಿ ಹಾಕುತ್ತಾರೆ. ನಾನು ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ‘ಸಂಜೆ ಹೊತ್ತು ಕರೆದುಕೊಂಡು ಬನ್ನಿ ಸಾರ್, ಹಗಲಲ್ಲಿ ಹಕ್ಕಿ ಕಾಣಲ್ಲ’ ಅಂತ ನಮ್ಮ ಸಾಹೇಬರಿಗೆ ಮೂರು ಸಲ ಹೇಳಿದ್ದೆ.

ಜೀಪು ಬಂದದ್ದು ಮಧ್ಯಾಹ್ನ ಮೂರಕ್ಕೆ. ದೊಡ್ಡ ಸಾಹೇಬರಿಗೆ ಅವಸರ. ಐದಕ್ಕೆಲ್ಲ ಮೊಳಕಾಲ್ಮೂರು ಮುಟ್ಟಬೇಕು, ಅಲ್ಲಿ ನೇಕಾರರ ಮನೆಯಲ್ಲಿ ಅವರ ಹೆಂಡತಿ ಹೇಳಿ ನೇಯಿಸಿದ ರೇಷ್ಮೆ ಸೀರೆ ಮಗ್ಗದಿಂದ ಇಳಿದಿದೆ, ತರದೆ ಹೋದರೆ ಮನೆಗೆ ಹೋಗುವಂತಿಲ್ಲ. ಜೀಪಿನ ಬಾಗಿಲು ತೆಗೆದು, ಒಂದು ಕಾಲು ಕೆಳಗಿಟ್ಟು ಸುತ್ತ ನೋಡಿದರು.

‘ಎಲ್ಲಿ ಹಕ್ಕಿ?’

‘ಹೊತ್ತು ಮುಳುಗೋವಾಗ ಬರ್ತಾವೆ ಸಾರ್.’

‘ನೀರಿಲ್ಲ, ಮರ ಇಲ್ಲ, ಹಕ್ಕೀನೂ ಇಲ್ಲ.’ ಪಕ್ಕದ ಗುಮಾಸ್ತರ ಕಡೆ ತಿರುಗಿದರು. ‘ಬರ್ಕೊಳ್ರಿ, ಖಾಲಿ ಜಾಗ.’

ಗುಮಾಸ್ತರು ಬರೆದೇಬಿಟ್ಟರು. ನಾನು ಏನಾದರೂ ಅಂದುಬಿಡುವ ಮುಂಚೆ, ಇನ್ನೂರು ಮಾರು ಆಚೆ ಮಂದೆಯ ಜೊತೆ ಕೂತಿದ್ದ ದೊಡ್ಡಪ್ಪ ಕೂಗಿದ.

‘ಸಾಮಿ, ಬಾಗ್ಲಾಗೆ ನಿಂತು ಮನ್ಯಾಗೆ ಯಾರೂ ಇಲ್ಲ ಅಂದ್ರೆ ಹೆಂಗೆ? ಒಳಕ್ಕೆ ಬಂದು ನೋಡ್ರಿ, ಆಮೇಲೆ ಏನಾರ ಬರ್ಕಳ್ರಿ.’

ಮಾತು ನಾಟಿತು. ದೊಡ್ಡ ಸಾಹೇಬರು ಬೂಟು ಊರಿ ಹೊರಟರು, ಹಿಂದೆ ನಮ್ಮ ಸಾಹೇಬರು, ಗುಮಾಸ್ತರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ದೊಡ್ಡಪ್ಪ ಕೋಲು ಎತ್ತಿದ.

‘ನಿಲ್ರಿ ಸಾಮಿ. ಎಕ್ಕಡ. ದೇವರೆತ್ತು ಮಲಗಿದಾವೆ. ರೊಪ್ಪದೊಳಗೆ ಮೆಟ್ಟು ಹಾಕ್ಕಂಡು ಬರಂಗಿಲ್ಲ.’

‘ರೊಪ್ಪ ಎಲ್ಲಿದೆ?’ ದೊಡ್ಡ ಸಾಹೇಬರು ಅತ್ತಿತ್ತ ನೋಡಿದರು. ಬೇಲಿ ಇಲ್ಲ, ಗೋಡೆ ಇಲ್ಲ, ಬರೀ ಹುಲ್ಲು. ನಮ್ಮ ಸಾಹೇಬರು ಅವರ ಕಿವಿಯಲ್ಲಿ, ‘ತೆಗೆದುಬಿಡಿ ಸಾರ್, ಇವರ ದೇವರಿಗೆ ಒಂದ್ಸಲ ನೋಟಿಸ್ ಕಳಿಸಿ ನಮಗೇ ಸಾಕಾಗಿದೆ’ ಅಂದರು. ಮೂವರೂ ಬೂಟು ಬಿಚ್ಚಿ ಜೀಪಿನ ಪಕ್ಕ ಸಾಲಾಗಿ ಇಟ್ಟರು. ನಾನೂ ಬಿಟ್ಟೆ.

ನಮ್ಮ ಕಾವಲಿನ ನೆಗ್ಗಿಲು ಮುಳ್ಳಿನ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಲ್ಲಿನ ಬುಡದಲ್ಲಿ ಅಡಗಿರುತ್ತದೆ. ಯಾವ ಮಗ್ಗುಲಿಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಹತ್ತನೆಯ ಹೆಜ್ಜೆಗೆ ಗುಮಾಸ್ತರು ‘ಅಮ್ಮಾ’ ಅಂದರು. ಇಪ್ಪತ್ತನೆಯದಕ್ಕೆ ನಮ್ಮ ಸಾಹೇಬರು. ದೊಡ್ಡ ಸಾಹೇಬರು ಹುದ್ದೆಗೆ ತಕ್ಕಂತೆ ಹಲ್ಲು ಕಚ್ಚಿಕೊಂಡು ಮಂದೆಯ ತನಕ ಬಂದು, ಅಲ್ಲಿ ಕುಸಿದು ಕೂತರು. ಹಿಂದಕ್ಕೆ ಹೋಗುವುದಕ್ಕೂ ಅದೇ ದಾರಿ ಅನ್ನುವುದು ಆಗ ಹೊಳೆಯಿತು.

ದೊಡ್ಡಪ್ಪ ಉಡಿದಾರಕ್ಕೆ ಕಟ್ಟಿದ್ದ ಮುಳ್ಳಿನ ಚಿಮಟ ಬಿಚ್ಚಿದ. ದೊಡ್ಡ ಸಾಹೇಬರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಮುಳ್ಳು ಹುಡುಕಿ ತೆಗೆಯತೊಡಗಿದ. ಒಂದು ತೆಗೆದು ಮೊಳ ದೂರ ಹಿಡಿದು ನೋಡುತ್ತಿದ್ದ, ಒಂದು ಕತೆ ಹೇಳುತ್ತಿದ್ದ, ಆಮೇಲೆ ಇನ್ನೊಂದು ಹುಡುಕುತ್ತಿದ್ದ.

‘ಬೇಗ ಆಗಲ್ವೇನಪ್ಪ? ನಾನು ಮೊಳಕಾಲ್ಮೂರಿಗೆ ಹೋಗಬೇಕು.’

‘ಅವಸರ ಮಾಡಿದ್ರೆ ಮುರಿದು ಒಳಗೇ ಉಳೀತೈತೆ ಸಾಮಿ. ಆಮೇಲೆ ಕೀವಾದ್ರೆ ನಮ್ಮ ದೇವರ ಮೇಲೆ ಮಾತು ಬರ್ತೈತೆ.’

ಆರು ಪಾದ ಮುಗಿಯುವಷ್ಟರಲ್ಲಿ ಬಿಸಿಲು ಕೆಂಪಾಗಿತ್ತು.

ಮೊದಲು ಒಂದೇ ಒಂದು ಬಂತು. ಹುಲ್ಲಿನ ತುದಿ ಮುಟ್ಟುವ ಹಾಗೆ, ರೆಕ್ಕೆ ಬಡಿಯದೆ ತೇಲಿಕೊಂಡು ನಮ್ಮ ಮುಂದೆಯೇ ಹಾಯ್ದು ಹೋಯಿತು. ಆಮೇಲೆ ಪಡುವಣದ ಕಡೆಯಿಂದ ನಾಲ್ಕು. ಆಮೇಲೆ ಎಣಿಸುವುದನ್ನು ಬಿಟ್ಟೆವು. ಬೂದಿ ಬಣ್ಣದವು, ಕಂದು ಬಣ್ಣದವು, ಎಲ್ಲ ದಿಕ್ಕಿನಿಂದ ಬಂದು ತಲೆಯ ಮೇಲೆ ಸುತ್ತು ಹಾಕಿ, ಮಂದೆಯ ಆಚೆ ಒಂದೊಂದಾಗಿ ಹುಲ್ಲಿನೊಳಗೆ ಇಳಿದವು. ಒಂದು ಸದ್ದಿಲ್ಲ. ಈ ಕೆಲಸ ಹಿಡಿದು ಐದು ವರ್ಷದಿಂದ ದಿನಾ ನೋಡುತ್ತಿದ್ದೇನೆ, ಆದರೂ ಕಣ್ಣು ಕೀಳಲಾಗಲಿಲ್ಲ. ಇದನ್ನು ಖಾಲಿ ಅನ್ನಲು ಇವರಿಗೆ ಬಾಯಾದರೂ ಹೇಗೆ ಬರುತ್ತದೆ ಅಂತ ಸಿಟ್ಟೂ ಬಂತು.

ದೊಡ್ಡ ಸಾಹೇಬರ ಫೋನು ಹೊಡೆದುಕೊಂಡಿತು. ಹೆಂಡತಿ. ಅವರು ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದು, ಪಿಸುಮಾತಿನಲ್ಲಿ ಹೇಳಿದರು. ‘ಆಮೇಲೆ ಮಾಡ್ತೀನಿ. ಇಲ್ಲ, ತಂದಿಲ್ಲ. ಸೀರೆ ಎಲ್ಲೂ ಹಾರಿ ಹೋಗಲ್ಲ ಕಣೇ.’

ಫೋನು ಜೇಬಿಗೆ ಹಾಕಿ ಗುಮಾಸ್ತರನ್ನು ನೋಡಿದರು. ‘ಆಗ ಬರೆದಿದ್ದನ್ನ ಹೊಡೆದುಹಾಕ್ರಿ.’

‘ಏನಂತ ಬರೀಲಿ ಸಾರ್?’

‘ಜಾಗ ಭರ್ತಿಯಾಗಿದೆ ಅಂತ ಬರೀರಿ.’

ಅವರು ಕುಂಟುತ್ತ ಜೀಪಿಗೆ ಹೋದರು. ಎತ್ತುಗಳು ಎದ್ದು ಹಟ್ಟಿಯ ಕಡೆ ಹೊರಟವು. ಆಗ ನಮ್ಮ ದೊಡ್ಡಪ್ಪ ಕಂಬಳಿಯೊಳಗೆ ಕೈ ಹಾಕಿ, ಬಗಲಲ್ಲಿ ಅವಿತಿಟ್ಟುಕೊಂಡಿದ್ದ ಟೈರಿನ ಎಕ್ಕಡ ತೆಗೆದು, ಕೆಳಗೆ ಹಾಕಿ, ಮೆಟ್ಟಿಕೊಂಡ.

‘ದೊಡ್ಡಪ್ಪ! ರೊಪ್ಪ ಅಂದ್ಯಲ್ಲ?’

‘ಎತ್ತು ಎಲ್ಲಿ ಮಲಗ್ತಾವೋ ಅದೇ ರೊಪ್ಪ. ಎದ್ದು ಹೋದ್ವಲ್ಲ, ರೊಪ್ಪಾನೂ ಹೋತು. ನಡಿ, ಹಸಿವಾಗೈತೆ.’

ಒಂದೂವರೆ ತಿಂಗಳಿಗೆ ಆದೇಶ ಬಂತು. ಕಾವಲು ವಲಸೆ ಹಕ್ಕಿಗಳಿಗೆ ಮೀಸಲು, ದೇವರ ಎತ್ತುಗಳ ಮೇವಿಗೆ ಅಡ್ಡಿಯಿಲ್ಲ, ಬೇರೆ ಯಾರಿಗೂ ಕೊಡುವಂತಿಲ್ಲ. ಗುಡಿಯ ಮುಂದೆ ನಿಂತು ನಾನೇ ಗಟ್ಟಿಯಾಗಿ ಓದಿದೆ. ಜನ ಕೇಕೆ ಹಾಕಿದರು, ಹೆಂಗಸರು ಕಣ್ಣೊರೆಸಿಕೊಂಡರು. ಕೊನೆಯ ಷರತ್ತಿನ ಹತ್ತಿರ ಬಂದಾಗ ನನ್ನ ನಾಲಿಗೆ ತಡವರಿಸಿತು. ಎರಡು ಸಲ ಓದಿ ಖಾತ್ರಿ ಮಾಡಿಕೊಂಡೆ. ‘ಸ್ಥಳೀಯರ ನಂಬಿಕೆಯನ್ನು ಗೌರವಿಸಿ, ಸದರಿ ಕಾವಲಿನ ಯಾವುದೇ ಭಾಗದಲ್ಲಿ ಯಾರೊಬ್ಬರೂ ಪಾದರಕ್ಷೆ ಧರಿಸಿ ಪ್ರವೇಶಿಸುವಂತಿಲ್ಲ. ವಾಚರ್ ಇದನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸತಕ್ಕದ್ದು.’

ಮರುದಿನ ಬೆಳಗ್ಗೆ ನಾನು ಹಿಡಿದ ಮೊದಲ ತಪ್ಪಿತಸ್ಥ ನಮ್ಮ ದೊಡ್ಡಪ್ಪ. ಟೈರಿನ ಎಕ್ಕಡದಲ್ಲಿ ಟಪಟಪ ಅಂತ ಬರುತ್ತಿದ್ದವನನ್ನು ಕಾವಲಿನ ಬಾಯಲ್ಲೇ ತಡೆದೆ.

‘ಎಕ್ಕಡ ಬಿಡು ದೊಡ್ಡಪ್ಪ.’

‘ಎತ್ತು ಇನ್ನಾ ಬಂದಿಲ್ಲ ಕಣವ್ವ.’

‘ಆದೇಶದಾಗೆ ಎತ್ತಿನ ಮಾತಿಲ್ಲ. ಇಡೀ ಕಾವಲು ರೊಪ್ಪ. ನೀನೇ ಮಾಡಿದ್ದು.’

ನನ್ನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದ. ನನ್ನ ಬರಿಗಾಲನ್ನೂ ನೋಡಿದ. ಎಕ್ಕಡ ಬಿಚ್ಚಿ ಬಗಲಿಗೆ ಸಿಕ್ಕಿಸಿಕೊಂಡು, ದೊರೆಯ ಹಾಗೆ ಎದೆ ಸೆಟೆಸಿ ಒಳಗೆ ನಡೆದ. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದಕ್ಕೆ ಒಂಟಿಗಾಲಲ್ಲಿ ನಿಂತು, ಪಾದ ಹಿಡಿದುಕೊಂಡು, ಇಡೀ ಕಾವಲಿಗೆ ಕೇಳುವ ಹಾಗೆ ಕೂಗಿದ.

‘ಅಯ್ಯಯ್ಯಪ್ಪಾ! ಯಾವನ್ಲೇ ಅವನು, ಈ ಜಾಗ ಖಾಲಿ ಐತೆ ಅಂದೋನು?’